ಮಗಳಿಗೊಂದು ಪತ್ರ: ಮುಖ ನೋಡಿ ಹೇಳಲಾಗದ್ದು

ಪ್ರೀತಿಯ ಪುಟ್ಟಿ,

ಫೋನಿನಲ್ಲಿ ಈ ಮಾತು ತೆಗೆದರೆ ನೀನು "ಅಮ್ಮಾ, ಸಾಕು" ಅಂತ ಕಟ್ ಮಾಡುತ್ತೀಯ. ಅದಕ್ಕೇ ಬರೆಯುತ್ತಿದ್ದೇನೆ. ನಿನಗೀಗ ಇಪ್ಪತ್ತಮೂರು. ಯಾರ ಜೊತೆ, ಯಾವಾಗ, ಎಷ್ಟು ಹತ್ತಿರ ಅನ್ನುವುದೆಲ್ಲ ನಿನ್ನ ನಿರ್ಧಾರ. ಬೇಡ ಅನ್ನಿಸಿದರೆ ಬೇಡ, ಅದಕ್ಕೆ ಕಾರಣ ಕೊಡಬೇಕಾಗಿಲ್ಲ. ಆ ವಿಷಯದಲ್ಲಿ ಉಪದೇಶ ಮಾಡಲು ನಾನು ಕೂತಿಲ್ಲ. ಇಷ್ಟು ವರ್ಷ ಲ್ಯಾಬಿನಲ್ಲಿ ರಕ್ತ, ಮೂತ್ರದ ನಡುವೆ ಕೆಲಸ ಮಾಡಿದವಳಾಗಿ ಒಂದು ಮಾತು ಹೇಳಬೇಕು. ಲೈಂಗಿಕ ಸೋಂಕು ಯಾರಿಗಿದೆ ಅಂತ ಮುಖ ನೋಡಿ ಹೇಳಲು ಆಗುವುದಿಲ್ಲ. ನನಗೂ ಆಗುವುದಿಲ್ಲ, ಡಾಕ್ಟರಿಗೂ ಆಗುವುದಿಲ್ಲ. ಎಷ್ಟೋ ಸಲ ಸೋಂಕು ಇರುವವರಿಗೇ ಅದು ಗೊತ್ತಿರುವುದಿಲ್ಲ.

ಒಳ್ಳೆಯ ಹುಡುಗ, ಓದಿದವನು, ನೀಟಾಗಿರುತ್ತಾನೆ. ಇದೆಲ್ಲ ನಿಜವೇ ಇರಬಹುದು. ಬ್ಯಾಕ್ಟೀರಿಯಾ, ವೈರಸ್‌ಗಳಿಗೆ ಇದ್ಯಾವುದೂ ಲೆಕ್ಕಕ್ಕಿಲ್ಲ. ಕ್ಲಮೀಡಿಯ ಅನ್ನುವ ಬ್ಯಾಕ್ಟೀರಿಯಾ ಸೋಂಕು ತಗುಲಿದ ಹೆಚ್ಚಿನ ಹೆಂಗಸರಿಗೆ ಉರಿಯಿಲ್ಲ, ನೋವಿಲ್ಲ, ಏನೂ ಇಲ್ಲ. ಹಾಗೇ ಬಿಟ್ಟರೆ ಅದು ಮೇಲೇರಿ ಗರ್ಭಕೋಶ, ಗರ್ಭನಾಳಕ್ಕೆ ಹಬ್ಬಬಹುದು. ನಾಳದ ಒಳಗೆ ಗಾಯವಾಗಿ ಕಲೆ ಉಳಿದರೆ ಮುಂದೆ ಮಗು ಬೇಕು ಅಂದಾಗ ತೊಂದರೆ. ಗರ್ಭ ಆ ನಾಳದಲ್ಲೇ ನಿಂತುಬಿಟ್ಟರೆ ಜೀವಕ್ಕೇ ಅಪಾಯ. ನನಗೆ ಸಂಕಟವಾಗುವುದು ಯಾಕೆ ಗೊತ್ತಾ? ಮೊದಲೇ ಪತ್ತೆಯಾದರೆ ಇದು ಕೆಲವು ದಿನಗಳ ಮಾತ್ರೆಯಲ್ಲಿ ಹೋಗುವ ಕಾಯಿಲೆ.

ಇದು "ಅಂಥವರಿಗೆ" ಬರುವ ರೋಗ ಅನ್ನುವವರ ಮಾತು ನಂಬಬೇಡ. ಕ್ಲಮೀಡಿಯ, ಗೊನೊರಿಯ, ಸಿಫಿಲಿಸ್, ಟ್ರೈಕೊಮೊನಿಯಾಸಿಸ್, ಈ ನಾಲ್ಕೂ ಔಷಧದಿಂದ ಪೂರ್ತಿ ವಾಸಿಯಾಗುತ್ತವೆ. ಇವು ನಾಲ್ಕರದ್ದೇ ಲೆಕ್ಕ ತೆಗೆದರೂ 15ರಿಂದ 49 ವಯಸ್ಸಿನವರಲ್ಲಿ ದಿನಕ್ಕೆ 10 ಲಕ್ಷಕ್ಕೂ ಹೆಚ್ಚು ಹೊಸ ಸೋಂಕು ಆಗುತ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಅಷ್ಟೂ ಜನ ಕೆಟ್ಟವರಾ?

ಇನ್ನು ಕಾಂಡೋಮ್. ಹೆಸರು ಎಲ್ಲರಿಗೂ ಗೊತ್ತು, ಸರಿಯಾಗಿ ಬಳಸುವುದು ಗೊತ್ತಿರುವವರು ಕಡಿಮೆ. ಮೊದಲು ಪ್ಯಾಕೆಟ್ಟಿನ ಮೇಲಿನ ತಾರೀಕು ನೋಡು. ಆಮೇಲೆ ಎರಡು ಬೆರಳಲ್ಲಿ ಮೆಲ್ಲಗೆ ಒತ್ತು. ಒಳಗೆ ಸ್ವಲ್ಪ ಗಾಳಿ ತುಂಬಿಕೊಂಡಂತಿರಬೇಕು. ಚಪ್ಪಟೆ ಬಿದ್ದಿದ್ದರೆ ಎಲ್ಲೋ ತೂತಾಗಿದೆ, ಎಸೆದುಬಿಡು. ಪರ್ಸಿನಲ್ಲಿ ತಿಂಗಳುಗಟ್ಟಲೆ ಬಿಸಿಗೆ, ಒತ್ತಡಕ್ಕೆ ಸಿಕ್ಕಿದ್ದೂ ಬೇಡ. ಹಲ್ಲಿನಿಂದ ಹರಿಯಬಾರದು. ಹಾಕುವಾಗ ಸುರುಳಿ ಹೊರಗಡೆಗೆ ಇರಬೇಕು. ಅಪ್ಪಿತಪ್ಪಿ ಉಲ್ಟಾ ಇಟ್ಟರೆ ತಿರುಗಿಸಿ ಅದನ್ನೇ ಹಾಕಬೇಡಿ, ಹೊಸದು ತೆಗೆಯಿರಿ. ತುದಿಯನ್ನು ಒತ್ತಿ ಹಿಡಿದು ಗಾಳಿ ಹೊರಗೆ ಬಿಟ್ಟು, ಬುಡದವರೆಗೂ ಬಿಡಿಸಬೇಕು. ಮುಗಿದ ಕೂಡಲೇ ಬುಡ ಹಿಡಿದುಕೊಂಡು ಹೊರಗೆ ತೆಗೆಯಬೇಕು, ಇಲ್ಲದಿದ್ದರೆ ಜಾರಿ ಒಳಗೇ ಉಳಿಯಬಹುದು. (ಈ ಕೊನೆಯ ಸಾಲು ಸೇರಿಸು ಅಂದದ್ದು ನಿಮ್ಮಪ್ಪ. ಹೇಳಿ ಪಕ್ಕದ ರೂಮಿಗೆ ಹೋದರು.)

ಎರಡು ಹಾಕಿದರೆ ಡಬಲ್ ಸೇಫ್ ಅಲ್ಲ, ಒಂದಕ್ಕೊಂದು ಉಜ್ಜಿ ಹರಿಯುವುದೇ ಜಾಸ್ತಿ. ಎಣ್ಣೆ, ವ್ಯಾಸಲೀನ್, ಬಾಡಿ ಲೋಷನ್ ತಾಗಿದರೆ ಕಾಂಡೋಮಿನ ಲೇಟೆಕ್ಸ್ ರಬ್ಬರ್ ದುರ್ಬಲವಾಗುತ್ತದೆ. ಜಾರಿಕೆ ಬೇಕಿದ್ದರೆ ನೀರಿನಂಶದ ಜೆಲ್ ತಗೋ. ಲೇಟೆಕ್ಸಿಗೆ ತುರಿಕೆ ಬಂದರೆ ಬೇರೆ ವಸ್ತುವಿನದ್ದೂ ಸಿಗುತ್ತದೆ. ಹೆಂಗಸರ ಕಾಂಡೋಮೂ ಇದೆ, ಅದು ನಿನ್ನ ಕೈಯಲ್ಲೇ ಇರುವ ಉಪಾಯ. ಬಾಯಿಯ ಮೂಲಕ, ಗುದದ ಮೂಲಕ ನಡೆಸುವ ಸಂಭೋಗದಲ್ಲೂ ಸೋಂಕು ದಾಟುತ್ತದೆ. ಅದಕ್ಕೆ ವಿನಾಯಿತಿ ಇಲ್ಲ. ಮತ್ತೆ ಗರ್ಭನಿರೋಧಕ ಮಾತ್ರೆ, ಕಾಪರ್ ಟಿ ಇವು ಬಸಿರು ತಡೆಯುತ್ತವೆ ಅಷ್ಟೇ. ಸೋಂಕಿನ ದಾರಿ ತೆರೆದೇ ಇರುತ್ತದೆ.

ಕಾಂಡೋಮ್ ಕೂಡ ನೂರಕ್ಕೆ ನೂರು ಅಲ್ಲ. ಎಚ್‌ಐವಿ, ಗೊನೊರಿಯ, ಕ್ಲಮೀಡಿಯಗಳನ್ನು ಚೆನ್ನಾಗಿ ತಡೆಯುತ್ತದೆ. ಹರ್ಪಿಸ್, ಎಚ್‌ಪಿವಿ (ಗರ್ಭಕೊರಳಿನ ಕ್ಯಾನ್ಸರ್ ತರಬಲ್ಲ ವೈರಸ್), ಸಿಫಿಲಿಸ್ ಚರ್ಮಕ್ಕೆ ಚರ್ಮ ತಾಗಿದರೂ ಬರುತ್ತವೆ, ಕಾಂಡೋಮ್ ಮುಚ್ಚದ ಜಾಗ ಉಳಿದೇ ಉಳಿಯುತ್ತದೆ. ಅದಕ್ಕೇ ಪರೀಕ್ಷೆ ಬೇಕು.

ಪರೀಕ್ಷೆ ಅಂದಾಗ ನನಗೆ ಸಿಟ್ಟು ಬರಿಸುವ ಮಾತೊಂದಿದೆ. "ಫುಲ್ ಬಾಡಿ ಚೆಕಪ್ ಮಾಡಿಸಿದ್ದೇನೆ, ಎಲ್ಲ ನಾರ್ಮಲ್." ಸಕ್ಕರೆ, ಕೊಲೆಸ್ಟ್ರಾಲ್ ನೋಡುವ ಪ್ಯಾಕೇಜಿನಲ್ಲಿ ಇವು ಸಾಮಾನ್ಯವಾಗಿ ಇರುವುದೇ ಇಲ್ಲ. ಬಾಯಿಬಿಟ್ಟು ಕೇಳಬೇಕು. ಎಚ್‌ಐವಿ, ಸಿಫಿಲಿಸ್, ಹೆಪಟೈಟಿಸ್ ಬಿ ರಕ್ತದಲ್ಲಿ ನೋಡುತ್ತಾರೆ. ಕ್ಲಮೀಡಿಯ, ಗೊನೊರಿಯಕ್ಕೆ ಮೂತ್ರ ಅಥವಾ ಸ್ವಾಬ್, ಅಂದರೆ ಹತ್ತಿ ಸುತ್ತಿದ ಕಡ್ಡಿಯಲ್ಲಿ ತೆಗೆದ ಮಾದರಿ. ಪ್ಯಾಪ್ ಸ್ಮಿಯರ್ ಇವುಗಳ ಪರೀಕ್ಷೆ ಅಲ್ಲ, ಅದು ಗರ್ಭಕೊರಳಿನ ಕ್ಯಾನ್ಸರಿನ ಸುಳಿವು ಹುಡುಕುವುದು. ಇನ್ನೊಂದು, ಸೋಂಕು ತಗುಲಿದ ಮರುದಿನವೇ ಪರೀಕ್ಷೆಯಲ್ಲಿ ಕಾಣಿಸುವುದಿಲ್ಲ. ಎಚ್‌ಐವಿಯಲ್ಲಿ ಪರೀಕ್ಷೆಯ ಬಗೆ ನೋಡಿಕೊಂಡು ಕೆಲವು ವಾರಗಳಿಂದ 90 ದಿನದವರೆಗೂ ಬೇಕಾಗುತ್ತದೆ. ಹಾಗಾಗಿ "ನೆಗೆಟಿವ್" ಅಂತ ಚೀಟಿ ತೋರಿಸಿದರೆ ಅದರ ತಾರೀಕೂ ನೋಡು.

ಅವನಿಗೆ ಹೇಗೆ ಹೇಳುವುದು ಅಂತ ಯೋಚಿಸುತ್ತೀಯ. "ಇಬ್ಬರೂ ಒಟ್ಟಿಗೆ ಹೋಗಿ ಟೆಸ್ಟ್ ಮಾಡಿಸೋಣ, ಅಲ್ಲಿಯವರೆಗೆ ಕಾಂಡೋಮ್ ಇರಲಿ" ಅನ್ನು, ಸಾಕು. "ನನ್ನ ಮೇಲೆ ನಂಬಿಕೆ ಇಲ್ವಾ?" ಅಂದರೆ, "ನಿನ್ನ ಮೇಲಿದೆ, ಬ್ಯಾಕ್ಟೀರಿಯಾ ಮೇಲಿಲ್ಲ" ಅನ್ನು. ನಕ್ಕು ಒಪ್ಪಿಕೊಂಡರೆ ಒಳ್ಳೆಯದು. ಮುಖ ಊದಿಸಿಕೊಂಡು, ಗೋಗರೆದು, ಒತ್ತಾಯ ಮಾಡಿದರೆ ಎದ್ದು ಬಾ. ನಡುವೆ ಹೇಳದೆ ಕೇಳದೆ ಕಾಂಡೋಮ್ ತೆಗೆದುಹಾಕುವವರೂ ಇದ್ದಾರೆ ಕಣೇ. ಅದು ಅಪ್ಪಟ ಮೋಸ. ಅಂಥವನಿಗೆ ಎರಡನೇ ಅವಕಾಶ ಬೇಡ.

ಕಾಂಡೋಮ್ ಹರಿಯಿತು ಅಂತಿಟ್ಟುಕೋ. ಅಳುತ್ತಾ ಕೂರಬೇಡ, ಆ ಹೊತ್ತಿನಲ್ಲಿ ಗಡಿಯಾರ ಮುಖ್ಯ. ಎಚ್‌ಐವಿ ತಡೆಯುವ ಪೆಪ್ ಅನ್ನುವ ಮಾತ್ರೆಗಳನ್ನು 72 ಗಂಟೆಯೊಳಗೆ ಶುರು ಮಾಡಬೇಕು, 28 ದಿನ ತಗೋಬೇಕು. ಬಸಿರು ತಡೆಯುವ ತುರ್ತು ಮಾತ್ರೆಯೂ ಬೇಗ ತಗೊಂಡಷ್ಟು ಒಳ್ಳೆಯದು. ಒಳಗೆಲ್ಲ ಸೋಪು, ನೀರು ಹಾಕಿ ತೊಳೆಯಬೇಡ, ಅದರಿಂದ ಸೋಂಕು ಹೋಗುವುದಿಲ್ಲ, ಒಳಗಿರುವ ಒಳ್ಳೆಯ ಬ್ಯಾಕ್ಟೀರಿಯಾ ಹಾಳಾಗುತ್ತದೆ. ನನಗೆ ಫೋನ್ ಮಾಡು. ರಾತ್ರಿ ಎರಡು ಗಂಟೆಯಾದರೂ ಸರಿ, ಬೈಯುವುದಿಲ್ಲ.

ಉರಿಮೂತ್ರ, ವಾಸನೆಯ ಬಿಳಿಸೆರಗು, ಹುಣ್ಣು, ಗುಳ್ಳೆ, ಕೆಳಹೊಟ್ಟೆ ನೋವು, ಮುಟ್ಟಲ್ಲದ ದಿನ ರಕ್ತ ಕಂಡರೆ ಡಾಕ್ಟರ ಹತ್ತಿರ ಹೋಗು. ಮನೆಯಲ್ಲಿ ಉಳಿದ ಆಂಟಿಬಯೋಟಿಕ್ ನುಂಗಬೇಡ. ಗೊನೊರಿಯ ಈಗಾಗಲೇ ಎಷ್ಟೋ ಔಷಧಗಳಿಗೆ ಬಗ್ಗದ ಹಾಗೆ ಆಗಿದೆ. ಚಿಕಿತ್ಸೆ ಇಬ್ಬರಿಗೂ ಆಗಬೇಕು, ಮುಗಿಯುವವರೆಗೆ ದೂರ ಇರಬೇಕು. ಒಬ್ಬರೇ ತಗೊಂಡರೆ ಮತ್ತೆ ಇನ್ನೊಬ್ಬರಿಂದ ಬರುತ್ತದೆ. ಎಚ್‌ಐವಿ ಬಂದರೂ ಬದುಕು ಮುಗಿಯಿತು ಅಂತಲ್ಲ. ದಿನವೂ ಮಾತ್ರೆ ತಗೊಂಡು ರಕ್ತದಲ್ಲಿ ವೈರಸ್ ಪತ್ತೆಯಾಗದಷ್ಟು ಕಡಿಮೆಯೇ ಇದ್ದರೆ ಸಂಭೋಗದಿಂದ ಇನ್ನೊಬ್ಬರಿಗೆ ಹರಡುವುದೂ ಇಲ್ಲ.

ಹೆಪಟೈಟಿಸ್ ಬಿ ಲಸಿಕೆ ನಿನಗೆ ಚಿಕ್ಕಂದಿನಲ್ಲೇ ಆಗಿದೆ. ಕಾರ್ಡಿನ ಫೋಟೋ ಕಳಿಸುತ್ತೇನೆ. ಎಚ್‌ಪಿವಿದು ಬಾಕಿ ಇದೆ. ಗರ್ಭಕೊರಳಿನ ಕ್ಯಾನ್ಸರಿನಲ್ಲಿ ನೂರಕ್ಕೆ 70ರಷ್ಟಕ್ಕೆ ಆ ವೈರಸ್ಸಿನ 16 ಮತ್ತು 18ನೇ ಬಗೆಗಳೇ ಕಾರಣ, ಲಸಿಕೆ ಎರಡನ್ನೂ ತಡೆಯುತ್ತದೆ. ಸಂಬಂಧ ಶುರುವಾಗುವ ಮೊದಲು ಹಾಕಿಸಿದರೆ ಹೆಚ್ಚು ಲಾಭ, ಆಮೇಲೂ ಹಾಕಿಸಬಹುದು. ಎಷ್ಟು ಡೋಸ್ ಅಂತ ಡಾಕ್ಟರ್ ಹೇಳುತ್ತಾರೆ. ಲಸಿಕೆ ಆದ ಮೇಲೂ ಮುಂದೆ ಪ್ಯಾಪ್ ಸ್ಮಿಯರ್ ತಪ್ಪಿಸಬಾರದು. ಈ ವಾರವೇ ಅಪಾಯಿಂಟ್‌ಮೆಂಟ್ ತಗೊಂಡು ತಾರೀಕು ತಿಳಿಸು. ಜೊತೆಗೆ ಬರಬೇಕು ಅನ್ನಿಸಿದರೆ ಬರುತ್ತೇನೆ, ಬೇಡ ಅಂದರೂ ಬೇಜಾರಿಲ್ಲ.

ನಿನ್ನ
ಅಮ್ಮ