ಯುದ್ಧಕಾಲದ ಪಿಂಗಾಣಿಯೇ? ಮೊದಲು ತಳ ನೋಡಿ

ಮಾನ್ಯ ಸಂಪಾದಕರೇ,

ಆನ್‌ಲೈನ್ ಹರಾಜುಗಳಲ್ಲೂ ಹಳೇ ಸಾಮಾನಿನ ಅಂಗಡಿಗಳಲ್ಲೂ ಹೂಬಳ್ಳಿ ತುಂಬಿದ ಇಂಗ್ಲಿಷ್ ಕಪ್-ಸಾಸರುಗಳಿಗೆ ‘1943ರಲ್ಲಿ ಇಂಗ್ಲೆಂಡಿನ ಮನೆಗಳಿಗಾಗಿ ಮಾಡಿದ್ದು’ ಎಂಬ ಚೀಟಿ ಅಂಟಿಸಿ ಬಾಯಿಗೆ ಬಂದ ಬೆಲೆ ಹೇಳುವುದು ಮಾಮೂಲಾಗಿದೆ. ಈ ಚೀಟಿಯನ್ನು ನಂಬಬೇಡಿ. ಎರಡನೇ ಮಹಾಯುದ್ಧ ನಡೆಯುತ್ತಿದ್ದಾಗ, 1942ರಲ್ಲಿ, ಬ್ರಿಟನ್ನಿನ ವಾಣಿಜ್ಯ ಮಂಡಳಿ ಒಂದು ಆದೇಶ ಹೊರಡಿಸಿ, ಒಳನಾಡಿನ ಮಾರುಕಟ್ಟೆಗೆ ಚಿತ್ತಾರದ ಪಾತ್ರೆ ಮಾಡುವುದನ್ನು ನಿಲ್ಲಿಸಿತು. ಇಂಗ್ಲೆಂಡಿನ ಮನೆಗಳಿಗೆ ಸಿಗುತ್ತಿದ್ದದ್ದು ಬಿಳಿಯ ಅಥವಾ ಮಣ್ಣಿನದೇ ಬಣ್ಣದ ಬೋಳು ಪಾತ್ರೆ. ಚಿತ್ತಾರದ್ದೆಲ್ಲ ರಫ್ತಿಗೆ, ಅದರಲ್ಲೂ ಡಾಲರ್ ತರುವ ದೇಶಗಳಿಗೆ. ಯುದ್ಧ ಮುಗಿದ ಮೇಲೂ ಈ ಕಟ್ಟುಪಾಡು 1952ರವರೆಗೆ ಉಳಿಯಿತು. ರಫ್ತಿಗೆ ಸಲ್ಲದ ಮಾಲು ಮಾತ್ರ ಆಗೊಮ್ಮೆ ಈಗೊಮ್ಮೆ ಒಳಪೇಟೆಗೆ ಬರುತ್ತಿತ್ತು.

ಹೀಗಾಗಿ 1938ರ ಹೂವಿನ ತಟ್ಟೆ ಯುದ್ಧದುದ್ದಕ್ಕೂ ಲಂಡನ್ನಿನ ಮನೆಯಲ್ಲಿ ಬಳಕೆಯಲ್ಲಿದ್ದಿರಬಹುದು. ಆದರೆ 1943ರ ಹೂವಿನ ತಟ್ಟೆ ಕೆನಡಾದಲ್ಲೋ ಅಮೆರಿಕದಲ್ಲೋ ಸಿಕ್ಕಿತೆಂದರೆ ಅದೇ ಹೆಚ್ಚು ನಂಬುವ ಮಾತು.

ಚಿತ್ತಾರ ನೋಡಿ ಕಾಲ ಹೇಳಲು ಬರುವುದಿಲ್ಲ. ಸ್ಪೋಡ್ ಕಂಪನಿಯ ‘ಬ್ಲೂ ಇಟಾಲಿಯನ್’ 1816ರಿಂದ ಬಂದ ವಿನ್ಯಾಸ. ಅದು ಯಾವ ದಶಕದ್ದೂ ಆಗಿರಬಹುದು. ನೋಡಬೇಕಾದದ್ದು ತಳ. ವೆಜ್‌ವುಡ್ 1930ರಿಂದೀಚೆಗೆ ಹಸಿ ಮಣ್ಣಿಗೇ ಒತ್ತುತ್ತಿದ್ದ ಗುರುತಿನಲ್ಲಿ ತಿಂಗಳ ಅಂಕಿ ಮತ್ತು ವರ್ಷದ ಕೊನೆಯ ಎರಡು ಅಂಕಿಗಳಿರುತ್ತವೆ. ಬೆಳಕನ್ನು ಓರೆಯಾಗಿ ಬಿಟ್ಟರೆ ಮಾತ್ರ ಕಾಣುತ್ತದೆ. ರಾಯಲ್ ಡೌಲ್ಟನ್‌ನ ಸಿಂಹ-ಕಿರೀಟದ ಮುದ್ರೆಯ ಬಲಕ್ಕೆ ಸಣ್ಣ ಅಂಕಿಯಿದ್ದರೆ ಅದಕ್ಕೆ 1927 ಕೂಡಿಸಿ: 15 ಎಂದರೆ 1942. ಎಲ್ಲ ಪಾತ್ರೆಯಲ್ಲೂ ಈ ಅಂಕಿ ಇರುವುದಿಲ್ಲ. ನೋಂದಾಯಿತ ವಿನ್ಯಾಸದ ಸಂಖ್ಯೆ ಆ ವಿನ್ಯಾಸ ಯಾವಾಗ ದಾಖಲಾಯಿತೆಂದು ಹೇಳುತ್ತದೆಯೇ ಹೊರತು ತಟ್ಟೆ ಯಾವಾಗ ತಯಾರಾಯಿತೆಂದಲ್ಲ. ಡಿಶ್‌ವಾಷರ್, ಮೈಕ್ರೋವೇವ್ ಎಂಬ ಮಾತು ಮುದ್ರೆಯಲ್ಲಿದ್ದರೆ ಮುಂದೆ ನೋಡುವುದೇ ಬೇಡ, ಅದು ಯುದ್ಧಕಾಲದ್ದಲ್ಲ. ತಳದಲ್ಲಿ ಎ, ಬಿ, ಸಿ ಎಂಬ ಒಂಟಿ ಅಕ್ಷರವಿರುವ ಬೋಳು ಪಾತ್ರೆ ಸಿಕ್ಕರೆ ಗಮನ ಕೊಡಿ: ಅದು ಯುದ್ಧಕಾಲದಲ್ಲಿ ಸರ್ಕಾರ ಬೆಲೆ ಕಟ್ಟಿದ ದರ್ಜೆಯ ಗುರುತಾಗಿರಬಹುದು. ವುಡ್ ಅಂಡ್ ಸನ್ಸ್‌ನ ‘ಬೆರಿಲ್’ ಎಂಬ ತಿಳಿಹಸಿರು ಪಾತ್ರೆಗಳಿಗೂ ಚಿತ್ತಾರವಿಲ್ಲ, ಬಣ್ಣ ಮಣ್ಣಿನಲ್ಲೇ ಬೆರೆತದ್ದು. ಆ ಕಾಲದ ಇಂಗ್ಲಿಷ್ ಅಡುಗೆಮನೆಯ ನಿಜವಾದ ಸಾಕ್ಷಿ ಇಂಥವೇ, ಬೆಲೆಯೂ ಕಡಿಮೆ. ಸಂಗ್ರಾಹಕರು ಇವನ್ನು ಕಡೆಗಣಿಸುವುದು ಅನ್ಯಾಯ.

ಮೈತುಂಬ ಹೂವಿನ ಚಿಂಟ್ಜ್ ಪಾತ್ರೆ ಕೊಳ್ಳುವಾಗ ಹಿಡಿಯ ಬುಡ ನೋಡಿ. ಮುದ್ರಿತ ಹಾಳೆಯನ್ನು ಕತ್ತರಿಸಿ ಕೈಯಿಂದ ಕೂರಿಸುತ್ತಿದ್ದರಿಂದ ಅಲ್ಲಿ ಅರ್ಧ ಎಸಳಿಗೆ ಇನ್ನೊಂದು ಹೂವಿನ ಎಲೆ ಕೂಡಿರುತ್ತದೆ, ಎರಡು ತುಂಡಿನ ನಡುವೆ ಕೂದಲೆಳೆಯ ಬಿಳಿ ಗೆರೆ ಇರುತ್ತದೆ. ಅದು ದೋಷವಲ್ಲ, ಕೆಲಸದ ಗುರುತು.

ತಟ್ಟೆಯನ್ನು ಬೆರಳ ತುದಿಗಳ ಮೇಲೆ ನಿಲ್ಲಿಸಿ ಅಂಚನ್ನು ಉಗುರಿನಿಂದ ಮೆಲ್ಲಗೆ ತಟ್ಟಿ. ಬಿರುಕಿದ್ದರೆ ನಾದ ಉಳಿಯದೆ ‘ಟಪ್’ ಎಂದು ಸತ್ತ ಸದ್ದು ಬರುತ್ತದೆ. ಅಂಟಿಸಿ ಬಣ್ಣ ಬಳಿದ ಜಾಗ ಕತ್ತಲಲ್ಲಿ ಅತಿನೇರಳೆ ಟಾರ್ಚ್ ಹಿಡಿದರೆ ಸಾಮಾನ್ಯವಾಗಿ ಸುತ್ತಲಿಗಿಂತ ಬೇರೆಯಾಗಿ ಹೊಳೆಯುತ್ತದೆ. ದೂರದಿಂದ ಕೊಳ್ಳುವವರು ತಳದ್ದೂ ಅಂಚಿನದ್ದೂ ಫೋಟೊ ಕೇಳದೆ ಹಣ ಕಳಿಸಬಾರದು.

ಹೊಳಪಿನ ಮೇಲೆ ಹಬ್ಬಿದ ಬಲೆಯಂಥ ಗೀರುಗಳದ್ದು ಬೇರೆ ಕಥೆ. ಸರಂಧ್ರ ಮಣ್ಣು ವರ್ಷಗಟ್ಟಲೆ ತೇವ ಹೀರಿ ಹಿಗ್ಗುತ್ತದೆ, ಗಾಜಿನಂಥ ಲೇಪ ಹಿಗ್ಗಲಾರದೆ ಸೀಳುತ್ತದೆ. ಆ ಸೀಳಿಗೆ ಚಹಾ, ಜಿಡ್ಡು ಇಳಿದು ಕಂದು ಕಲೆಯಾಗುತ್ತದೆ. ಕ್ಲೋರಿನ್ ಬ್ಲೀಚ್ ಬೇಡವೇ ಬೇಡ. ಅದರ ಲವಣ ಒಳಗೇ ಉಳಿದು, ಒಣಗುವಾಗ ಹರಳುಗಟ್ಟಿ ಲೇಪವನ್ನು ಚಕ್ಕೆಯಾಗಿ ಎಬ್ಬಿಸುತ್ತದೆ. ಚಿನ್ನದ ಗೆರೆಯೂ ಲೇಪದ ಮೇಲೆ ಬರೆದ ಬಣ್ಣವೂ ಇಲ್ಲದ ಪಾತ್ರೆಯಾದರೆ, ಶುದ್ಧ ನೀರಿನಲ್ಲಿ ಚೆನ್ನಾಗಿ ನೆನೆಸಿ, ಕಲೆಯ ಮೇಲಷ್ಟೇ 3% ಹೈಡ್ರೋಜನ್ ಪೆರಾಕ್ಸೈಡ್ ಅದ್ದಿದ ಹತ್ತಿಯಿಟ್ಟು, ಒಣಗದಂತೆ ಪ್ಲಾಸ್ಟಿಕ್ ಮುಚ್ಚಿಡಿ. ಮೊದಲೇ ನೆನೆಸದಿದ್ದರೆ ಒಣ ಮಣ್ಣು ಕಲೆಯನ್ನು ಇನ್ನೂ ಒಳಕ್ಕೆ ಎಳೆದುಕೊಳ್ಳುತ್ತದೆ. ಮಾಮೂಲು ತೊಳೆಯಲು ಉಗುರುಬೆಚ್ಚಗಿನ ನೀರು, ಪ್ಲಾಸ್ಟಿಕ್ ಟಬ್, ಅದರ ತಳಕ್ಕೆ ಹಾಸಲು ಒಂದು ಟವೆಲ್ ಸಾಕು.

ಇನ್ನೊಂದು ಮಾತು, ಇದು ಆರೋಗ್ಯದ್ದು. ಆ ಕಾಲದ ಲೇಪ ಮತ್ತು ಬಣ್ಣಗಳಲ್ಲಿ ಸೀಸ ಇರಬಹುದು, ಹುಳಿ ತಾಗಿದರೆ ಅದು ಬಿಟ್ಟುಕೊಳ್ಳುತ್ತದೆ. ಹಳೇ ಪಿಂಗಾಣಿ ಬಟ್ಟಲಲ್ಲಿ ಉಪ್ಪಿನಕಾಯಿ, ನಿಂಬೆರಸ, ಹುಣಸೆಯ ಗೊಜ್ಜು ಇಡಬೇಡಿ. ಬಿರುಕು ಬಿಟ್ಟ ತಟ್ಟೆಯಲ್ಲಿ ಮಕ್ಕಳಿಗೆ ಊಟ ಬಡಿಸಲೇಬೇಡಿ.

— ಹಳೇ ಪಿಂಗಾಣಿಯ ಸಂಗ್ರಾಹಕರು, ಬೆಂಗಳೂರು