ಟೆಂಪೊ ತುಂಬುವ ಮೊದಲು ಒಂದು ಮೇಜು ಹಾಕಿ

ಮಾನ್ಯ ಸಂಪಾದಕರೆ,

ನಮ್ಮ ಕಡೆಯ ಕಾಲೇಜೊಂದರ ಮಕ್ಕಳು ಮನೆಮನೆ ತಿರುಗಿ ಇ-ತ್ಯಾಜ್ಯ ಒಟ್ಟುಮಾಡಿದ ಸುದ್ದಿ ಕಳೆದ ವಾರ ನಿಮ್ಮ ಜಿಲ್ಲಾ ಪುಟದಲ್ಲಿ ಬಂದಿತ್ತು. ಫೋಟೊದಲ್ಲಿ ಮಕ್ಕಳ ನಗುಮುಖ, ಹಿಂದೆ ಒಂದು ಟೆಂಪೊ. ಮಕ್ಕಳ ಕೆಲಸದ ಬಗ್ಗೆ ನನಗೆ ತಕರಾರಿಲ್ಲ. ಆದರೆ ಆ ಟೆಂಪೊ ತುಂಬುವಾಗ ನಾನು ಎದುರಿನ ಚಾ ಅಂಗಡಿಯಲ್ಲಿದ್ದೆ. ಮಿಕ್ಸಿ, ಇನ್ವರ್ಟರ್ ಬ್ಯಾಟರಿ, ಡಬ್ಬಾ ಟಿವಿ, ಸಿಎಫ್‌ಎಲ್ ಬಲ್ಬು, ಹೊಟ್ಟೆ ಉಬ್ಬಿದ ಮೊಬೈಲ್ ಬ್ಯಾಟರಿ ಎಲ್ಲವೂ ಒಂದರ ಮೇಲೊಂದು ಬಿದ್ದವು. ಒಂದು ಟಿವಿಯ ಪಿಕ್ಚರ್ ಟ್ಯೂಬಿನ ಕುತ್ತಿಗೆ ಮುರಿದು ಒಳಗೆ ಗಾಳಿ ನುಗ್ಗಿದ ‘ಸುಸ್ಸ್’ ಸದ್ದು ರಸ್ತೆಯ ಈಚೆಗೂ ಕೇಳಿತು. ಅಲ್ಲಿದ್ದವರಲ್ಲಿ ಆ ಸದ್ದು ಏನೆಂದು ಗೊತ್ತಿದ್ದವ ನಾನೊಬ್ಬನೇ ಇರಬೇಕು, ಚಾ ಬಿಟ್ಟು ಎದ್ದೆ.

ರಾಶಿಯಲ್ಲಿ ಹಳೆಯ ಕಾಲದ ಭಾರದ ಸೀಲಿಂಗ್ ಫ್ಯಾನೊಂದಿತ್ತು. ಕೈಯಿಂದ ತಿರುಗಿಸಿ ಬಿಟ್ಟೆ. ಕರಕರ ಎನ್ನದೆ ತನ್ನ ಪಾಡಿಗೆ ತಿರುಗಿ ನಿಂತಿತು, ಅಂದರೆ ಬೇರಿಂಗ್ ಗಟ್ಟಿ. ಮೂಸಿದೆ, ವೈಂಡಿಂಗ್, ಅಂದರೆ ಒಳಗಿನ ತಂತಿ ಸುತ್ತು, ಸುಟ್ಟ ವಾಸನೆ ಇಲ್ಲ. ಇಂಥ ಫ್ಯಾನು ಹೆಚ್ಚಾಗಿ ಮಲಗುವುದು ಅದನ್ನು ತಿರುಗಲು ಹಚ್ಚುವ ಪುಟ್ಟ ಭಾಗ, 2.5 ಮೈಕ್ರೊಫ್ಯಾರಡ್‌ನ ಕಂಡೆನ್ಸರ್, ಸತ್ತಾಗ. ಐವತ್ತು-ಅರವತ್ತು ರೂಪಾಯಿಯ ಮಾತು. ‘ಇದನ್ನು ನನಗೆ ಕೊಡು ಮಗಾ’ ಎಂದೆ. ‘ತೂಕ ಹಾಕಿ ಬರ್ದಾಗದೆ ಅಂಕಲ್, ಕಿಲೋ ಕಮ್ಮಿ ಆದ್ರೆ ಸರ್ ಬೈತ್ರು’ ಎಂದ. ಫ್ಯಾನು ಟೆಂಪೊ ಹತ್ತಿತು.

ನಾನು 1984ರಲ್ಲಿ ಕಾರವಾರದ ಅಂಗಡಿಯೊಂದರಲ್ಲಿ ರೇಡಿಯೊ ಕೆಲಸ ಕಲಿತವ. ಅಂಕೋಲೆಯಲ್ಲಿ ಸ್ವಂತ ಅಂಗಡಿ ಇಟ್ಟು ಮೂವತ್ತೈದು ವರ್ಷ ದಾಟಿತು. ಈ ಮುದುಕ ‘ಏನನ್ನೂ ಎಸೆಯಬೇಡಿ’ ಎಂದು ಹೇಳಹೊರಟಿದ್ದಾನೆ ಎಂದು ಓದುಗರು ತಿಳಿಯಬಾರದು. ಏನನ್ನೂ ಎಸೆಯದೆ ಕೆಟ್ಟವನೇ ನಾನು. ಎರಡು ಮಳೆಗಾಲದ ಹಿಂದೆ ಅಂಗಡಿಯ ಹಂಚು ಜಾರಿ ಅಟ್ಟ ಸೋರಿದಾಗ ಮೇಲಿದ್ದದ್ದನ್ನೆಲ್ಲ ಇಳಿಸಬೇಕಾಯಿತು. ಹತ್ತೊಂಬತ್ತು ಪೆಟ್ಟಿಗೆ! ಬಿಸ್ಕಿಟ್ ಡಬ್ಬಿ ಬೇರೆ. ನನ್ನಾಕೆ ಬಾಗಿಲಲ್ಲಿ ನಿಂತು, ‘ನಿಮ್ಮ ಆಸ್ತಿ ಪೂರಾ ಇಳೀತೋ, ಇನ್ನೂ ಅದ್ಯೋ?’ ಎಂದಳು.

ಕಾರವಾರದ ಕಡೆ ಒಂದು ತಮಾಷೆ ಇದೆ. ಕೊಂಕಣಿಯಲ್ಲಿ ಭಾಂಗಾರ ಎಂದರೆ ಚಿನ್ನ, ಮರಾಠಿಯಲ್ಲಿ ಭಂಗಾರ ಎಂದರೆ ಗುಜರಿ. ಎರಡೂ ಭಾಷೆ ಆಡುವ ಊರಲ್ಲಿ ಬೆಳೆದ ನನಗೆ ಈ ಎರಡರ ವ್ಯತ್ಯಾಸ ತಿಳಿಯಲು ಆ ಹತ್ತೊಂಬತ್ತು ಪೆಟ್ಟಿಗೆ ಬಿಚ್ಚಬೇಕಾಯಿತು.

ಟೇಪ್ ರೆಕಾರ್ಡರಿನ ರಬ್ಬರ್ ಬೆಲ್ಟುಗಳು ಕರಗಿ ಡಾಂಬರಿನಂತೆ ಬೆರಳಿಗೆ ಮೆತ್ತಿದವು. ಹಳೆ ಬೋರ್ಡುಗಳಿಂದ ಜೋಪಾನವಾಗಿ ಕಿತ್ತು ಗಾತ್ರದ ಪ್ರಕಾರ ಜೋಡಿಸಿದ್ದ ಕಂಡೆನ್ಸರುಗಳನ್ನು ಒಂದೊಂದಾಗಿ ಮೀಟರಿಗೆ ಹಚ್ಚಿದೆ. ಮೇಲೆ 1000 ಮೈಕ್ರೊಫ್ಯಾರಡ್ ಎಂದು ಬರೆದದ್ದು 300 ತೋರಿಸುತ್ತಿತ್ತು, ಕೆಲವು ಏನನ್ನೂ ತೋರಿಸಲಿಲ್ಲ. ಈ ಎಲೆಕ್ಟ್ರೊಲಿಟಿಕ್ ಜಾತಿಯ ಹೊಟ್ಟೆಯಲ್ಲಿ ದ್ರವ ಇರುತ್ತದೆ. ಕೆಲಸ ಮಾಡದೆ ಡಬ್ಬಿಯಲ್ಲಿ ಮಲಗಿದ್ದರೂ ಅದು ಆರುತ್ತ ಹೋಗುತ್ತದೆ. ಹೊಸತು ನಾಲ್ಕೆಂಟು ರೂಪಾಯಿಗೆ ಸಿಗುವಾಗ ಹಳತನ್ನು ಇಪ್ಪತ್ತು ವರ್ಷ ಸಾಕಿದ್ದೆ. ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಒನ್ ಎನ್ 4007 ಡಯೋಡುಗಳೂ ಒಂದು ಡಬ್ಬಿ ತುಂಬ ಇದ್ದವು. ಅವು ಕೆಟ್ಟಿರಲಿಲ್ಲ, ನಿಜ. ಆದರೆ ಒಂದೆರಡು ರೂಪಾಯಿಯ ಡಯೋಡನ್ನು ಬೋರ್ಡಿನಿಂದ ಬಿಡಿಸಲು ಹತ್ತು ನಿಮಿಷ ಸೋಲ್ಡರ್ ಹೊಗೆ ಕುಡಿದಿದ್ದೇನಲ್ಲ, ಅದರ ಲೆಕ್ಕ ಯಾರು ಕೊಡುತ್ತಾರೆ?

ಇನ್ನು ನಮ್ಮ ಉಪ್ಪುಗಾಳಿ. ಹುಬ್ಬಳ್ಳಿಯವ ಹೇಳುವ ಲೆಕ್ಕ ನಮಗೆ ಹಿಡಿಯುವುದಿಲ್ಲ. ಅಲ್ಲಿ ಡಬ್ಬಿಯಲ್ಲಿಟ್ಟ ರಿಲೇ, ಸ್ವಿಚ್ಚು, ವಾಲ್ಯೂಮ್ ಕಂಟ್ರೋಲು ವರ್ಷಗಟ್ಟಲೆ ಇಟ್ಟ ಹಾಗೇ ಇರುತ್ತವೆ. ನಮ್ಮ ಬೇಲೆಕೇರಿಯ ಕಡಲದಂಡೆಯ ಮನೆಯಿಂದ ಬಂದ ಬೋರ್ಡಿನಲ್ಲಿ ತಾಮ್ರದ ಗೆರೆಯ ಮೇಲೆ ಹಸಿರು ಕಿಲುಬು ಮೊದಲೇ ಕೂತಿರುತ್ತದೆ. ಒಳಗೆ ಸಂಪರ್ಕ ಕೂಡಿಸುವ, ಬಿಡಿಸುವ ಯಾವ ಭಾಗವನ್ನೂ ನಾನೀಗ ಇಡುವುದಿಲ್ಲ. ಕಬ್ಬಿಣದ ಸ್ಕ್ರೂ ಬೇಡ, ಸ್ಟೀಲಿನದು ಬೇಕು. ಹಿತ್ತಾಳೆಯ ಟರ್ಮಿನಲ್ ಬೇಕೇ ಬೇಕು. ಬಿಸಿ ಹೀರುವ ಅಲ್ಯೂಮಿನಿಯಂ ಹೀಟ್ ಸಿಂಕ್ ಇರಲಿ. ಹಾರ್ಡ್ ಡಿಸ್ಕಿನ ಆಯಸ್ಕಾಂತ ಮೇಜಿನ ಕೆಳಗೆ ಬಿದ್ದ ಸ್ಕ್ರೂ ಹೆಕ್ಕಲು ಒಳ್ಳೆಯದು, ಆದರೆ ಅದು ಎರಡು ಸಾಕು, ನನ್ನ ಹತ್ತಿರ ಇಪ್ಪತ್ತಮೂರಿತ್ತು. ಬೇರಿಂಗಿನ ವಿಷಯದಲ್ಲಿ ನನ್ನ ಮಗನಿಗೂ ನನಗೂ ಜಗಳ. ಅವ 6202 ಎಂದು ನಂಬರು ಕಂಡರೆ ಎತ್ತಿಡುತ್ತಾನೆ. ಶಾಫ್ಟಿನಿಂದ ಹೊಡೆದು ತೆಗೆದ ಬೇರಿಂಗಿನ ಗುಂಡಿಗೆ ಬಿದ್ದ ಪೆಟ್ಟು ಕಣ್ಣಿಗೆ ಕಾಣದು, ಆರು ತಿಂಗಳಿಗೆ ಗಿರಾಕಿಯ ಮನೆಯಲ್ಲಿ ಸದ್ದು ಮಾಡುತ್ತದೆ. ಯಂತ್ರದೊಳಗೆ ಇದ್ದ ಬೇರಿಂಗನ್ನು ಯಂತ್ರದ ಜೊತೆಗೇ ಉಳಿಸಬೇಕು, ಬಿಡಿಯಾಗಿ ಅಲ್ಲ. ನಾನು ಆ ಫ್ಯಾನಿಗೆ ಆಸೆಪಟ್ಟದ್ದು ಅದಕ್ಕೇ.

ಹಾಗಾದರೆ ಉಳಿದದ್ದೇನು? ಹತ್ತೊಂಬತ್ತರಲ್ಲಿ ಮೂರು ಪೆಟ್ಟಿಗೆ. ಅದರಲ್ಲಿ ಒಂದು ಪೂರ್ತಿ ಟ್ರಾನ್ಸ್‌ಫಾರ್ಮರು, ಇನ್ನೊಂದು ಕಂಪನಿಯವರು ಮಾಡುವುದನ್ನೇ ಬಿಟ್ಟ ಮಿಕ್ಸಿಗಳ ಕಪ್ಲರ್, ಗಿಯರ್, ನಾಬುಗಳು. ಪೇಟೆಯಲ್ಲಿ ದುಡ್ಡು ಕೊಟ್ಟರೂ ಸಿಗದ್ದು, ಇಟ್ಟರೆ ಹಾಳಾಗದ್ದು, ನನ್ನ ಮೇಜಿನ ಮೇಲೆ ಪರೀಕ್ಷೆಗೆ ಬರುವಂಥದ್ದು.

ಇದರ ಜೊತೆ ಚೀಟಿ. ಯಾವ ಯಂತ್ರದಿಂದ, ಯಾವಾಗ, ಎಷ್ಟು ವೋಲ್ಟು ಎಂದು ಬಿಚ್ಚಿದ ಹೊತ್ತಿಗೇ ದಾರ ಕಟ್ಟಿ ತೂಗಹಾಕದಿದ್ದರೆ ಅದು ಅನಾಥ ಕೂಸು. ಚೀಟಿಯ ಮಹಿಮೆ ನನಗೆ ತಿಳಿದದ್ದು ಒಂದು ಬಂಡಿಹಬ್ಬದ ಮುನ್ನಾದಿನ. ನಮ್ಮ ಪಕ್ಕದ ಊರಿನವರು ಮೈಕಿನ ಆಂಪ್ಲಿಫೈಯರ್ ಹೊತ್ತುಕೊಂಡು ಸಂಜೆ ಬಂದರು. ಮುಚ್ಚಳ ತೆಗೆದರೆ ಟ್ರಾನ್ಸ್‌ಫಾರ್ಮರ್ ಕರಕಲು, ವಾರ್ನಿಶ್ ಬೆಂದ ನಾತ. ಹೊಸತು ಸುತ್ತಿಸಿ ತರಲು ಹುಬ್ಬಳ್ಳಿಗೆ ಹೋಗಬೇಕು, ಹಬ್ಬ ಮರುದಿನ. ಸಿಡಿಲು ಬಡಿದು ಬೋರ್ಡು ಸುಟ್ಟಿದ್ದ ಹಳೆಯ ಆಂಪ್ಲಿಫೈಯರಿನದೊಂದು ನನ್ನಲ್ಲಿತ್ತು. ಚೀಟಿ ಓದಿದೆ: 24-0-24 ವೋಲ್ಟು, 5 ಆಂಪಿಯರ್. ಇದೇ ಬೇಕಿದ್ದದ್ದು. ಆದರೂ ಚೀಟಿಯನ್ನು ನಂಬಿ ನೇರ ಕರೆಂಟು ಕೊಡುವವ ನಾನಲ್ಲ. 60 ವ್ಯಾಟಿನ ತಂತಿ ಬಲ್ಬನ್ನು ಸೀರಿಸ್‌ನಲ್ಲಿ, ಅಂದರೆ ಕರೆಂಟು ಬಲ್ಬಿನ ಮೂಲಕವೇ ಹಾಯುವಂತೆ, ಹಾಕಿ ಸ್ವಿಚ್ ಒತ್ತಿದೆ. ಬಲ್ಬು ಒಮ್ಮೆ ಮಿಂಚಿ ಮಂಕಾಯಿತು. ವೈಂಡಿಂಗಿನಲ್ಲಿ ಶಾರ್ಟ್ ಇದ್ದರೆ ಅದು ಪೂರ್ತಿ ಉರಿಯುತ್ತಲೇ ಇರುತ್ತಿತ್ತು. ಅರ್ಧ ಗಂಟೆ ಹಾಗೇ ಬಿಟ್ಟು ಕೈಯಿಟ್ಟು ನೋಡಿದೆ, ಉಗುರು ಬೆಚ್ಚಗೂ ಆಗಿರಲಿಲ್ಲ. ರಾತ್ರಿ ಹನ್ನೊಂದಕ್ಕೆ ಅಂಗಡಿಯೊಳಗೇ ‘ಹಲೋ, ಹಲೋ, ಮೈಕ್ ಟೆಸ್ಟಿಂಗ್’ ಆಯಿತು. ನಮ್ಮ ಬೀದಿಯವರು ಬೈದರು, ಅದು ಬೇರೆ ಮಾತು.

2019ರ ಆಗಸ್ಟಿನಲ್ಲಿ ಗಂಗಾವಳಿ ನದಿ ಉಕ್ಕಿದಾಗ ಇದೇ ಪ್ರಶ್ನೆ ಊರಿಗೇ ಬಂದಿತ್ತು. ಕೆಸರು ತುಂಬಿದ ಮಿಕ್ಸಿ, ಫ್ಯಾನು, ಪಂಪ್‌ಸೆಟ್ಟು, ಟಿವಿ ನನ್ನ ಅಂಗಡಿಯ ಜಗಲಿ ಮೇಲೆ ಸಾಲುಗಟ್ಟಿದ್ದವು. ಒಣಗಿತೆಂದು ಪ್ಲಗ್ ಚುಚ್ಚಿ ನೋಡಿದವರದ್ದು ಹೋಯಿತು. ಚುಚ್ಚದೆ ತಂದವರ ಮೋಟಾರುಗಳನ್ನು ಬಿಚ್ಚಿ, ಬಾವಿ ನೀರಲ್ಲಿ ತೊಳೆದು, ಒಲೆಯ ಮೇಲಿನ ಅಟ್ಟದಲ್ಲಿ ವಾರಗಟ್ಟಲೆ ಒಣಗಿಸಿ, ಕರೆಂಟು ಸೋರುತ್ತದೆಯೋ ಎಂದು ನೋಡುವ ಮೆಗ್ಗರ್ ಮೀಟರು ಹಚ್ಚಿ ಎಷ್ಟೋ ಉಳಿಸಿದೆ. ಟಿವಿ ಬೋರ್ಡುಗಳಲ್ಲಿ ಐಸಿ ಚಿಪ್ಪುಗಳ ಕಾಲುಗಳ ನಡುವೆ ಕೂತ ಕೆಸರು ಮಾತ್ರ ಯಾವುದಕ್ಕೂ ಬಗ್ಗಲಿಲ್ಲ. ಅವನ್ನು ನಾನೇ ಗುಜರಿಗೆ ಕೊಟ್ಟೆ.

ಆದ್ದರಿಂದ ಕಾಲೇಜಿನವರಲ್ಲಿ, ಪುರಸಭೆಯವರಲ್ಲಿ ನನ್ನದು ಇಷ್ಟೇ ಕೋರಿಕೆ. ಮುಂದಿನ ಸಲ ಟೆಂಪೊದ ಪಕ್ಕ ಒಂದು ಮೇಜು ಹಾಕಿ, ಊರಿನ ರಿಪೇರಿಯವನೊಬ್ಬನನ್ನು ಕೂರಿಸಿ. ಮೊದಲು ಬ್ಯಾಟರಿಗಳು ಬೇರೆಯಾಗಲಿ: ಸೀಸದ್ದು ಒಂದು ಕಡೆ, ಮೊಬೈಲ್-ಲ್ಯಾಪ್‌ಟಾಪಿನ ಲಿಥಿಯಂ ಇನ್ನೊಂದು ಕಡೆ. ಉಬ್ಬಿದ್ದನ್ನು ಒತ್ತಿದರೆ, ಚುಚ್ಚಿದರೆ ಬೆಂಕಿಯೇ. ಸಿಎಫ್‌ಎಲ್‌ನೊಳಗೆ ಪಾದರಸ, ಪಿಕ್ಚರ್ ಟ್ಯೂಬಿನ ಗಾಜಿನಲ್ಲಿ ಸೀಸ ಇದೆ, ಅವನ್ನು ಒಡೆಯದೆ ಪೆಟ್ಟಿಗೆಯಲ್ಲಿ ಕಳಿಸಬೇಕು. ಮೈಕ್ರೊವೇವ್ ಓವನ್ ಬಂದರೆ ಮಕ್ಕಳು ಮುಚ್ಚಳ ತೆಗೆಯುವುದೇ ಬೇಡ. ಪ್ಲಗ್ ಕಿತ್ತಮೇಲೂ ಅದರ ಕಂಡೆನ್ಸರಿನಲ್ಲಿ ಮನುಷ್ಯನನ್ನು ಕೆಡವುವಷ್ಟು ಕರೆಂಟು ಉಳಿದಿರಬಹುದು. ಇಷ್ಟಾದ ಮೇಲೆ ತಿರುಗುವ ಫ್ಯಾನು, ಸುಡದ ಮೋಟಾರು, ಟ್ರಾನ್ಸ್‌ಫಾರ್ಮರುಗಳನ್ನು ಎತ್ತಿ ಬದಿಗಿಡಲು ಒಬ್ಬ ತಿಳಿದವನಿಗೆ ಒಂದೊಂದಕ್ಕೆ ಎರಡು ನಿಮಿಷ ಸಾಕು. ಉಳಿದದ್ದು ಟೆಂಪೊದಲ್ಲಿ ಹೋಗಲಿ. ಕೇಬಲ್ ಸುಟ್ಟು ತಾಮ್ರ ತೆಗೆಯುವವರ ಕೈಗೆ ಮಾತ್ರ ಬೇಡ, ಆ ಕರಿಹೊಗೆ ವಿಷ.

ಇದು ನನ್ನ ಹಟವೂ ಅಲ್ಲ. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮಗಳಲ್ಲಿ ಒಡೆದು ಕರಗಿಸುವವರ ಜೊತೆ ದುರಸ್ತಿ ಮಾಡಿ ಮತ್ತೆ ಬಳಕೆಗೆ ತರುವವರನ್ನೂ ಹೆಸರಿಸಿದ್ದಾರೆ. ಕಿಲೋ ಲೆಕ್ಕ ಬೇಕೆಂದರೆ ಬದಿಗಿಟ್ಟದ್ದನ್ನೂ ತೂಕ ಹಾಕಿ ಬರೆದುಕೊಳ್ಳಿ, ಹುಡುಗರು ಬೈಸಿಕೊಳ್ಳುವುದು ತಪ್ಪುತ್ತದೆ.

ಕೂರುವವರು ಸಿಗದಿದ್ದರೆ ನಾನೇ ಬರುತ್ತೇನೆ. ಮೀಟರು, ಸೀರಿಸ್ ಬಲ್ಬು ನನ್ನದೇ. ಮೇಜು ಮಾತ್ರ ನೆರಳಲ್ಲಿ ಹಾಕಿಸಿ. ಎತ್ತಿಟ್ಟದ್ದರಲ್ಲಿ ಒಂದನ್ನೂ ಮನೆಗೆ ಒಯ್ಯುವುದಿಲ್ಲ ಎಂದು ನನ್ನಾಕೆಗೆ ಮಾತು ಕೊಟ್ಟಾಗಿದೆ.

– ರೇಡಿಯೊ-ಟಿವಿ ರಿಪೇರಿಯವ, ಅಂಕೋಲಾ