ಓಲಗದವರಿಗೆ ಕೊನೆ ಪಂಕ್ತಿಯೇ ಏಕೆ?

ಸಂಪಾದಕರಿಗೆ ನಮಸ್ಕಾರ.

ಮದುವೆಗಳಲ್ಲಿ ಅನ್ನ ಚೆಲ್ಲುವುದರ ಬಗ್ಗೆ ಜನ ಪತ್ರಿಕೆಗಳಿಗೆ ಬರೆಯುತ್ತಲೇ ಇರುತ್ತಾರೆ. ಬರೆಯಲಿ, ಒಳ್ಳೆಯದೇ. ಆ ಅನ್ನ ಯಾರ ಎಲೆಗೆ ಯಾವಾಗ ಬೀಳುತ್ತದೆ ಅನ್ನುವುದೂ ಒಂದು ಮಾತು ಅಲ್ವಾ? ನಾನು ಚನ್ನರಾಯಪಟ್ಟಣದ ಕಡೆಯ ಡೋಲಿನವನು. ಹಾಸನ, ಅರಸೀಕೆರೆ, ಹೊಳೆನರಸೀಪುರದ ಛತ್ರಗಳಲ್ಲಿ ಓಲಗವೇ ನನ್ನ ಕಸುಬು.

ಮಗಳು ಡಿಗ್ರಿ ಓದುತ್ತಿದ್ದಾಳೆ. ಗ್ರೀಕರ ಹೋಮರ್ ಬರೆದನೆಂದು ಹೇಳುವ ಒಡಿಸ್ಸಿ ಎಂಬ ಹಳೆಯ ಕಾವ್ಯದ ಕಥೆಯನ್ನು ರಾತ್ರಿ ಹೊತ್ತು ನನಗೆ ಹೇಳಿದಳು. ಸಮುದ್ರ, ರಾಕ್ಷಸರು ಎಲ್ಲ ಬರುತ್ತಾರೆ. ನನ್ನ ಕಿವಿ ನೆಟ್ಟಗಾಗಿದ್ದು 8ನೇ ಭಾಗದಲ್ಲಿ. ಆಲ್ಕಿನೂಸ್ ಎಂಬ ರಾಜನ ಮನೆಯಲ್ಲಿ ಔತಣ. ಹಾಡುವವನು ಡೆಮೊಡೊಕಸ್, ಕಣ್ಣು ಕಾಣದವನು. ಅವನನ್ನು ಕೈಹಿಡಿದು ಕರೆತರುತ್ತಾರೆ. ಉಣ್ಣುವವರ ನಡುವೆ, ಕಂಬಕ್ಕೆ ಒರಗಿಸಿ ಬೆಳ್ಳಿ ಕೆತ್ತಿದ ಕುರ್ಚಿ ಹಾಕುತ್ತಾರೆ. ತಂತಿವಾದ್ಯವನ್ನು ತಲೆಯ ಮೇಲಿನ ಗೂಟಕ್ಕೆ ನೇತುಹಾಕಿ, ಎಲ್ಲಿದೆ ಎಂದು ಅವನ ಕೈ ಮುಟ್ಟಿಸಿ ತೋರಿಸುತ್ತಾರೆ. ಪಕ್ಕದಲ್ಲಿ ಮೇಜು, ಬುಟ್ಟಿ ತುಂಬ ತಿಂಡಿ, ಬೇಕೆನಿಸಿದಾಗ ಕುಡಿಯಲು ದ್ರಾಕ್ಷಾರಸ. ಎಲ್ಲರ ಜೊತೆ ಊಟ, ಆಮೇಲೆ ಹಾಡು. ಆ ಗೂಟದ ವಿಚಾರ ಬರೆದವನು ವಾದ್ಯದವರ ಕಷ್ಟವನ್ನು ಹತ್ತಿರದಿಂದ ಕಂಡಿರಲೇಬೇಕು.

ಅಷ್ಟೇ ಅಲ್ಲ. ಅಲ್ಲಿಗೆ ಬಂದ ಅತಿಥಿ ಒಡಿಸ್ಸಿಯಸ್ ತನ್ನ ಪಾಲಿನ ಹಂದಿಮಾಂಸದಲ್ಲಿ ಕೊಬ್ಬಿರುವ ಒಳ್ಳೆಯ ತುಂಡನ್ನೇ ಕುಯ್ದು ಹಾಡುಗಾರನಿಗೆ ಕಳಿಸುತ್ತಾನೆ. ನಮ್ಮ ಬೀಗರೂಟದಲ್ಲಿ ಒಳ್ಳೆಯ ಪೀಸು ಯಾರ ತಟ್ಟೆಗೆ ಹೋಗುತ್ತದೆ ಅಂತ ನಿಮಗೇ ಗೊತ್ತು. ತಾನೇ ಹೋರಾಡಿದ್ದ ಟ್ರಾಯ್ ಯುದ್ಧದ ಮರದ ಕುದುರೆಯ ಹಾಡು ಕೇಳಿ ಆ ಅತಿಥಿ ಅಳುತ್ತಾನೆ. ರಾಜ ಕೂಡಲೇ ಹಾಡು ನಿಲ್ಲಿಸಲು ಹೇಳುತ್ತಾನೆ. ನಮಗೂ ನಿಲ್ಲಿಸಿ ಅನ್ನುತ್ತಾರೆ, ಡಿಜೆ ಶುರುಮಾಡೋಕೆ!

ಇನ್ನೊಂದು ಪದ್ಧತಿ ನನಗೆ ಬಹಳ ಹಿಡಿಸಿತು. ಅದೇ ಕಥೆಯ ಮುದುಕ ರಾಜ ನೆಸ್ಟರ್ ತನ್ನಲ್ಲಿಗೆ ಬಂದವರಿಗೆ ಮೊದಲು ಹೊಟ್ಟೆ ತುಂಬ ಬಡಿಸುತ್ತಾನೆ. ನೀವು ಯಾರು, ಎಲ್ಲಿಯವರು ಅಂತ ಕೇಳುವುದು ಆಮೇಲೆ. ಬಂದ ಕೂಡಲೇ ಯಾರು ನೀವು ಎಂದು ಗದರುವವನು ಗುಹೆಯ ಒಕ್ಕಣ್ಣ ರಾಕ್ಷಸ. ಅವನು ಅತಿಥಿಗಳನ್ನೇ ತಿಂದವನು.

ನಮ್ಮಪ್ಪನ ಕಾಲದಲ್ಲಿ ಓಲಗದವರಿಗೆ ಹೊರಗೆ ಕೂರಿಸಿ ಬಡಿಸುತ್ತಿದ್ದರು. ಈಗ ಒಳಗೇ ಬಡಿಸುತ್ತಾರೆ, ಆದರೆ ಕೊನೆಯಲ್ಲಿ. ನಸುಕಿನಲ್ಲೇ ಬಂದು ಧಾರೆಗೆ ಗಟ್ಟಿಮೇಳ ಬಾರಿಸಿ ಊಟದ ಹಾಲ್‌ಗೆ ಹೋದರೆ, 'ನೀವು ಯಾರ ಕಡೆಯವರು? ಸ್ವಲ್ಪ ತಡೀರಿ' ಅನ್ನುತ್ತಾರೆ. ಕಳೆದ ಸೀಸನ್ನಲ್ಲಿ ಒಂದು ಛತ್ರದಲ್ಲಿ ನಾವು ಕೂರುವ ಹೊತ್ತಿಗೆ ಹೋಳಿಗೆ ಮುಗಿದು, ತಣ್ಣನೆಯ ಅನ್ನ, ತಿಳಿಸಾರು ಉಳಿದಿತ್ತು. ನಾಗಸ್ವರ ಊದುವ ನಮ್ಮ ಹಿರಿಯರಿಗೆ ಶುಗರ್ ಇದೆ. ಅವರು ಅಷ್ಟು ಹೊತ್ತು ಖಾಲಿ ಹೊಟ್ಟೆಯಲ್ಲಿ ಊದಿದ್ದರು.

ದುಡ್ಡು ಜಾಸ್ತಿ ಕೊಡಿ ಅಂತ ಕೇಳಲು ಈ ಪತ್ರ ಬರೆದಿಲ್ಲ. ಮುಹೂರ್ತಕ್ಕೆ ಮುಂಚೆ ನಮಗೂ ತಿಂಡಿ ಕೊಡಿ. ಧಾರೆ ಮುಗಿದ ಮೇಲೆ ಮೊದಲ ಪಂಕ್ತಿಯಲ್ಲೇ ನಾಲ್ಕು ಎಲೆ ಹಾಕಿ. ಛತ್ರದ ಮಾಲೀಕರು ಮಂಟಪದ ಪಕ್ಕ ಒಂದು ಬೆಂಚು ಹಾಕಿ, ಗೋಡೆಗೆ ಎರಡು ಗೂಟ ಹೊಡೆಸಲಿ. ಈಗ ಡೋಲು ಇಡಲು ಸಿಗುವ ಜಾಗ ಚಪ್ಪಲಿ ಬಿಡುವ ಮೂಲೆ.

– ಒಬ್ಬ ಡೋಲು ವಾದಕ, ಚನ್ನರಾಯಪಟ್ಟಣ ತಾಲ್ಲೂಕು, ಹಾಸನ ಜಿಲ್ಲೆ